ಮಿತ್ರ: ಗೆಳೆಯನಾಗುವ ಮೊದಲು ಕರಾರಿನ ದೇವರು

ಸೂರ್ಯನಮಸ್ಕಾರ ಮಾಡುವವರು ಮೊದಲು ಹೇಳುವುದು ‘ಓಂ ಮಿತ್ರಾಯ ನಮಃ’. ಗೆಳೆಯನಿಗೂ ಸೂರ್ಯನಿಗೂ ಒಂದೇ ಹೆಸರು ಹೇಗೆ ಬಂತು? ಲೋಕಕ್ಕೆಲ್ಲ ಹಿತ ಮಾಡುವ ಸೂರ್ಯ ಎಲ್ಲರ ಸ್ನೇಹಿತ ಎಂಬ ವಿವರಣೆ ಸಾಮಾನ್ಯವಾಗಿ ಸಿಗುತ್ತದೆ. ಕೇಳಲು ಸೊಗಸಾಗಿದೆ. ಆದರೆ ಪದದ ಜಾಡು ಹಿಡಿದು ಹೋದರೆ ಸಿಗುವುದು ಸ್ನೇಹವಲ್ಲ, ಕರಾರು.

ಪ್ರಾಚೀನ ಇರಾನಿನ ಅವೆಸ್ತಾ ಭಾಷೆಯಲ್ಲಿ ‘ಮಿಥ್ರ’ ಎಂದರೆ ಒಡಂಬಡಿಕೆ. ಅದನ್ನು ಕಾಯುವ ದೇವರ ಹೆಸರೂ ಮಿಥ್ರನೇ. ಅವನಿಗೆ ಸಾವಿರ ಕಿವಿ, ಹತ್ತು ಸಾವಿರ ಕಣ್ಣು, ನಿದ್ದೆಯೆಂಬುದೇ ಇಲ್ಲ. ಕೊಟ್ಟ ಮಾತನ್ನು ದುಷ್ಟನ ವಿಷಯದಲ್ಲೂ ಮುರಿಯಬಾರದು ಎಂಬುದು ಅವನ ಸ್ತುತಿಯಲ್ಲಿ ಬರುವ ಕಟ್ಟುನಿಟ್ಟು. ಋಗ್ವೇದದ 3ನೇ ಮಂಡಲದ 59ನೇ ಸೂಕ್ತದ ಮಿತ್ರನೂ ಜನರನ್ನು ರೆಪ್ಪೆ ಮಿಟುಕಿಸದೆ ನೋಡುತ್ತಾನೆ. ಇವನ್ನೆಲ್ಲ ಜೋಡಿಸಿ, ಮಿತ್ರನೆಂದರೆ ಕರಾರೇ ದೇವರಾಗಿ ನಿಂತದ್ದು ಎಂದು 1907ರಲ್ಲಿ ವಾದಿಸಿದವನು ಫ್ರೆಂಚ್ ಭಾಷಾಶಾಸ್ತ್ರಜ್ಞ ಆಂತ್ವಾನ್ ಮೇಯೆ.

ಈ ವಾದಕ್ಕೆ ಒಪ್ಪುವಂಥ ಪುರಾವೆ ಇಂದಿನ ತುರ್ಕಿಯ ಬೊಗಾಜ್‌ಕೊಯ್‌ನಲ್ಲಿ ಮಣ್ಣಿನ ಫಲಕಗಳ ರೂಪದಲ್ಲಿ ಸಿಕ್ಕಿದೆ. ಕ್ರಿ.ಪೂ. 14ನೇ ಶತಮಾನದಲ್ಲಿ ಆ ಭಾಗದ ಹಿಟ್ಟೈಟ್ ರಾಜ್ಯ ಮತ್ತು ಅದರ ನೆರೆಯ ಮಿತನ್ನಿ ರಾಜ್ಯದ ರಾಜರು ಮಾಡಿಕೊಂಡ ಒಪ್ಪಂದವದು. ಅದಕ್ಕೆ ಸಾಕ್ಷಿಯಾಗಿ ಕರೆದ ದೇವತೆಗಳ ಉದ್ದನೆಯ ಪಟ್ಟಿಯಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರೂ (ಅಶ್ವಿನಿ ದೇವತೆಗಳು) ಇದ್ದಾರೆ. ನಮ್ಮ ಕರಾರು ಪತ್ರಗಳ ಕೊನೆಯಲ್ಲಿ ಸಾಕ್ಷಿದಾರರು ರುಜು ಹಾಕುವ ಜಾಗದಲ್ಲಿ ಅಲ್ಲಿ ದೇವರುಗಳು ನಿಂತಿದ್ದಾರೆ!

ಸಾಕ್ಷಿಯಾಗಬೇಕಾದವನು ಎಲ್ಲವನ್ನೂ ಕಾಣಬೇಕು. ಆಕಾಶದಿಂದ ಎಲ್ಲವನ್ನೂ ಕಾಣುವವನು ಸೂರ್ಯ. ಇಬ್ಬರೂ ಒಂದಾದದ್ದು ಹೀಗಿರಬೇಕು ಎಂದು ನನಗೆ ತೋರುತ್ತದೆ. ಪರ್ಷಿಯನ್ನಿನಲ್ಲಿ ಅದೇ ಪದ ‘ಮೆಹ್ರ್’ ಆಗಿ ಸೂರ್ಯ, ಅಕ್ಕರೆ ಎರಡನ್ನೂ ಸೂಚಿಸುತ್ತದೆ. ಇರಾನಿನ ಪಂಚಾಂಗದ ಏಳನೆಯ ತಿಂಗಳ ಹೆಸರೂ ಅದೇ. ರೋಮನ್ ಸೈನಿಕರು ನೆಲಮಾಳಿಗೆಯಂಥ ಗುಡಿಗಳಲ್ಲಿ ಪೂಜಿಸಿದ, ಗೂಳಿ ಕೊಲ್ಲುವ ಮಿಥ್ರಾಸ್ ಹೆಸರನ್ನೇನೋ ಇಲ್ಲಿಂದ ಪಡೆದ. ಉಳಿದದ್ದೆಷ್ಟು ಇರಾನಿನದು ಎಂಬ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

ಸಂಸ್ಕೃತದಲ್ಲಿ ಒಂದು ಮೋಜಿದೆ. ದೇವರು ಅಥವಾ ಸೂರ್ಯ ಎಂಬ ಅರ್ಥದ ‘ಮಿತ್ರಃ’ ಪುಲ್ಲಿಂಗ, ಗೆಳೆಯ ಎಂಬ ಅರ್ಥದ ‘ಮಿತ್ರಂ’ ನಪುಂಸಕಲಿಂಗ. ಕನ್ನಡಕ್ಕೆ ಬಂದ ಮೇಲೆ ಆ ತೊಡಕು ಕಳೆದು, ಗೆಳೆಯ ಮಿತ್ರನೂ ‘ಅವನು’ ಆದ. ಆಪ್ತಮಿತ್ರ, ಬಾಲ್ಯಮಿತ್ರ ಎನ್ನುವಾಗ ಕರಾರಿನ ವಾಸನೆಯೂ ಉಳಿದಿಲ್ಲ. ಆದರೆ ಚುನಾವಣೆಯ ಹೊತ್ತಿನಲ್ಲಿ ಪತ್ರಿಕೆಗಳು ಬರೆಯುವ ‘ಮಿತ್ರಪಕ್ಷ’ವನ್ನು ನೋಡಿ. ಅಲ್ಲಿ ಅಕ್ಕರೆ ಇರಲೇಬೇಕೆಂದಿಲ್ಲ, ಸೀಟು ಹಂಚಿಕೆಯ ಒಪ್ಪಂದ ಕುದುರಿದರೆ ಸಾಕು.