ಮನೆಯೊಳಗೆ ಕೈಯಿಂದ ಕೈಗೆ ಸಾಗುವ ಆಮಶಂಕೆ

ಮನೆಯ ಒಂದು ಮಗುವಿಗೆ ರಕ್ತಭೇದಿಯಾದ ಮೂರ್ನಾಲ್ಕು ದಿನಗಳಲ್ಲೇ ಅದರ ತಂಗಿಗೂ ಅಜ್ಜಿಗೂ ಹೊಟ್ಟೆನುಲಿತ ಶುರುವಾದರೆ, ಮನೆಯವರು ಮೊದಲು ಶಂಕಿಸುವುದು ನೀರನ್ನು. ‘ನಾವು ಕುಡಿಯುವುದು ಕಾಯಿಸಿ ಆರಿಸಿದ ನೀರನ್ನೇ ಅಲ್ಲವೇ ಡಾಕ್ಟರೇ?’ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಆಮಶಂಕೆ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ನೀರಿನಿಂದಲೂ, ಆಹಾರದಿಂದಲೂ, ನೊಣಗಳಿಂದಲೂ ಬರಬಹುದು. ಆದರೆ ಒಂದೇ ಮನೆಯೊಳಗೆ ಅದು ಸುಲಭವಾಗಿ ದಾಟುವುದು ಕೈಗಳ ಮೂಲಕ.

1897ರಲ್ಲಿ ಜಪಾನಿನಲ್ಲಿ ಆಮಶಂಕೆ ವ್ಯಾಪಕವಾಗಿ ಹಬ್ಬಿದಾಗ ಅಲ್ಲಿನ ವಿಜ್ಞಾನಿ ಕಿಯೋಶಿ ಶಿಗಾ ಗುರುತಿಸಿದ ಈ ರೋಗಾಣು ಜಠರದ ಆಮ್ಲವನ್ನು ತಾಳಿಕೊಂಡು ದೊಡ್ಡ ಕರುಳನ್ನು ತಲುಪುತ್ತದೆ. ಅಲ್ಲಿ ಅದು ಒಳಪದರದ ಜೀವಕೋಶಗಳಿಗೇ ನುಗ್ಗಿ, ಒಂದರಿಂದ ಪಕ್ಕದ್ದಕ್ಕೆ ಹರಡುತ್ತ ಹುಣ್ಣು ಮಾಡುವುದರಿಂದ ಜ್ವರ, ಲೋಳೆ, ರಕ್ತ, ಮತ್ತೆ ಮತ್ತೆ ತಿಣುಕಬೇಕೆನಿಸುವ ಯಾತನೆ ಕಾಣಿಸಿಕೊಳ್ಳುತ್ತವೆ. ಕಾಲರಾ ತಗಲಲು ಸಾಮಾನ್ಯವಾಗಿ ಲಕ್ಷಗಟ್ಟಲೆ ರೋಗಾಣುಗಳು ಬೇಕು. ಶಿಗೆಲ್ಲಾಕ್ಕೆ 10ರಿಂದ 100 ಇದ್ದರೂ ಸಾಕು. ಮಗುವಿನ ಮಲ ತೊಳೆದ ತಾಯಿ ಬರೀ ನೀರಿನಲ್ಲಿ ಕೈ ಜಾಲಿಸಿ, ಸೆರಗಿಗೆ ಒರೆಸಿಕೊಂಡು, ಮೊಸರನ್ನ ಕಲಸಲು ಕುಳಿತರೆ ಉಗುರಿನ ಸಂದಿಯಲ್ಲಿ ಅಷ್ಟು ಉಳಿದೇ ಇರುತ್ತವೆ. ಆ ತಾಯಿಯನ್ನು ದೂರಲು ನನಗೆ ಮನಸ್ಸಿಲ್ಲ. ಬಚ್ಚಲಿನಲ್ಲಿ ಕೈಗೆಟಕುವಂತೆ ಸಾಬೂನು ಇಡುವುದು ಮನೆಮಂದಿಯೆಲ್ಲರ ಹೊಣೆ.

ಹೊರಗಿನ ಆಹಾರದಿಂದಲೂ ಇದು ಹಬ್ಬಬಹುದು. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದವರು ಅಸ್ವಸ್ಥರಾಗಿ, ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಾಗ ರೋಗಿಗಳಲ್ಲಿ ಪತ್ತೆಯಾದದ್ದೂ ಶಿಗೆಲ್ಲಾವೇ.

ಚಿಕಿತ್ಸೆಯಲ್ಲಿ ನಾನು ಒತ್ತಿ ಹೇಳುವುದು, ರಕ್ತ ಕಂಡಾಗ ಭೇದಿ ಕಟ್ಟಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ ಎಂದು. ಕರುಳಿನ ಚಲನೆ ನಿಂತರೆ ರೋಗಾಣು ಒಳಗೇ ಉಳಿದು ತೊಂದರೆ ಬಿಗಡಾಯಿಸಬಹುದು. ಓಆರ್‌ಎಸ್ ಕೊಡುತ್ತಲೇ ವೈದ್ಯರ ಬಳಿಗೆ ಬನ್ನಿ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ ಸ್ವಲ್ಪವೂ ತಡಮಾಡಬೇಡಿ. ಸಿಪ್ರೊಫ್ಲಾಕ್ಸಾಸಿನ್‌ನಂಥ ಹಳೆಯ ಔಷಧಗಳಿಗೆ ಈ ರೋಗಾಣು ಅನೇಕ ಕಡೆ ಬಗ್ಗದಿರುವುದರಿಂದ, ಕಳೆದ ಸಲ ಉಳಿದ ಆಂಟಿಬಯೋಟಿಕ್ ಹಾಕುವುದಕ್ಕಿಂತ ಮಲದಲ್ಲಿನ ರೋಗಾಣುವನ್ನು ಬೆಳೆಸಿ ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ಕಲ್ಚರ್ ಪರೀಕ್ಷೆ ಮಾಡಿಸುವುದು ಮೇಲು.

ಭೇದಿ ನಿಂತ ಕೂಡಲೇ ರೋಗಿಯೂ ಮನೆಯವರೂ ಎಚ್ಚರ ಸಡಿಲಿಸುತ್ತಾರೆ. ಆದರೆ ಗುಣವಾದ ಮೇಲೂ ಕೆಲವು ವಾರ ಮಲದಲ್ಲಿ ರೋಗಾಣು ಹೊರಬರುತ್ತಿರಬಹುದು. ಆದ್ದರಿಂದ ಹೋಟೆಲು, ಹಾಸ್ಟೆಲು, ಅಂಗನವಾಡಿಗಳಲ್ಲಿ ಅಡುಗೆ ಮಾಡುವವರು ವೈದ್ಯರು ಒಪ್ಪುವವರೆಗೆ ಒಲೆಯ ಬಳಿಗೆ ಮರಳಬಾರದು, ಮತ್ತು ಆ ದಿನಗಳ ಕೂಲಿಯನ್ನು ಮಾಲೀಕರು ಕಡಿಯಬಾರದು. ಕೂಲಿ ತಪ್ಪುವ ಭಯವಿದ್ದವರು ಕಾಯಿಲೆಯನ್ನು ಮುಚ್ಚಿಟ್ಟು ಕೆಲಸಕ್ಕೆ ಬರುತ್ತಾರೆ.