ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತು, ಮಗನನ್ನು ಅದೇ ಕ್ಲಾಸಲ್ಲಿ ಕೂರಿಸಬೇಕಾ?

ಪ್ರಶ್ನೆ: ನನ್ನ ಮಗ ಐದನೇ ಕ್ಲಾಸು. ಗಣಿತದಲ್ಲಿ 40ಕ್ಕೆ 13 ಬಂದಿದೆ. "ಬೇಸಿಕ್ ವೀಕ್ ಇದೆ, ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಇರಲಿ" ಅಂತ ಶಾಲೆಯಲ್ಲಿ ಹೇಳುತ್ತಿದ್ದಾರೆ. ಒಪ್ಪಿಕೊಳ್ಳಲಾ?

ಉತ್ತರ: ಈಗಲೇ ಒಪ್ಪಬೇಡಿ. ಮೊದಲು ಆ ಉತ್ತರ ಪತ್ರಿಕೆ ಕೈಗೆ ತಗೊಳ್ಳಿ. 13 ಅನ್ನೋದು ಸುಳ್ಳಲ್ಲ. ಆದರೆ ಆ ದಿನ, ಆ ಪೇಪರಿನಲ್ಲಿ ಎಷ್ಟು ಹೋಯಿತು ಅಂತ ಮಾತ್ರ ಅದು ಹೇಳುತ್ತದೆ. ಯಾಕೆ ಹೋಯಿತು ಅಂತ ಹೇಳುವುದಿಲ್ಲ.

ನಾನು ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುವವಳು. ನನ್ನ ಕ್ಲಾಸಿನ ಒಬ್ಬ ಹುಡುಗನ ಪೇಪರ್ ಇನ್ನೂ ಕಣ್ಣ ಮುಂದೆ ಇದೆ. ಕಳೆಯುವ ಲೆಕ್ಕ ಎಲ್ಲಾ ತಪ್ಪು. 452ರಲ್ಲಿ 127 ಕಳೆದು 335 ಅಂತ ಬರೆದಿದ್ದ. 671ರಲ್ಲಿ 238 ಕಳೆದು 447. 563ರಲ್ಲಿ 245 ಕಳೆದು 322. ಕೆಂಪು ಪೆನ್ನಲ್ಲಿ ತಪ್ಪು ಹಾಕುತ್ತಾ ಹೋದೆ. ಮೂರನೆಯದಕ್ಕೆ ಬಂದಾಗ ಕೈ ನಿಂತಿತು. ಇವನು ಸುಮ್ನೆ ಏನೋ ಗೀಚಿಲ್ಲ. ಪ್ರತಿ ಮನೆಯಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆದಿದ್ದಾನೆ, ಯಾವುದು ಮೇಲಿದೆ, ಯಾವುದು ಕೆಳಗಿದೆ ಅಂತ ನೋಡಿಲ್ಲ. 2ರಲ್ಲಿ 7 ಹೋಗಲ್ಲ, ಅದಕ್ಕೆ 7ರಲ್ಲಿ 2 ತೆಗೆದು 5 ಬರೆದಿದ್ದಾನೆ. ಪೇಪರಿನಲ್ಲಿ ತಪ್ಪುಗಳು ಹಲವು. ಅವನ ತಲೆಯಲ್ಲಿ ಇದ್ದದ್ದು ಒಂದೇ ತಪ್ಪು.

ಮಾರನೇ ದಿನ ಹತ್ತಿರ ಕೂರಿಸಿಕೊಂಡು ಬಾಯಲ್ಲೇ ಕೇಳಿದೆ: "ಅಂಗಡಿಗೆ ಐವತ್ತು ರೂಪಾಯಿ ಕೊಟ್ಟೆ, ಇಪ್ಪತ್ತೇಳು ರೂಪಾಯಿ ಸಾಮಾನು. ಚಿಲ್ಲರೆ ಎಷ್ಟು ಬರಬೇಕು?" "ಇಪ್ಪತ್ಮೂರು, ಮಿಸ್" ಅಂದ, ಕಣ್ಣು ಮಿಟುಕಿಸುವಷ್ಟರಲ್ಲಿ. ಆಮೇಲೆ ಹಾಜರಿ ಪುಸ್ತಕ ತೆಗೆದು ನೋಡಿದೆ. ಕಳೆಯುವಾಗ ಹತ್ತರ ಮನೆಯಿಂದ ಸಾಲ ತಗೊಳ್ಳೋದನ್ನು ಮತ್ತೆ ಹೇಳಿಕೊಟ್ಟ ಎರಡು ವಾರವೂ ಅವನು ಶಾಲೆಗೇ ಬಂದಿರಲಿಲ್ಲ, ಕಾಮಾಲೆ ಆಗಿತ್ತು. ಕಡ್ಡಿಕಟ್ಟು ಬಿಚ್ಚಿ, ಹತ್ತರ ಒಂದು ಕಟ್ಟನ್ನು ಬಿಡಿ ಮಾಡಿ ತೋರಿಸಿದೆ. ಒಂದು ವಾರ ಸಾಕಾಯಿತು. ಪೇಪರ್ ಒಂದನ್ನೇ ನಂಬಿದ್ದರೆ ಅವನ ಒಂದು ವರ್ಷ ಹೋಗುತ್ತಿತ್ತು, ಅಲ್ವಾ?

ಅವತ್ತು ನಾನು ನೋಡಿದ್ದು ಮೂರು: ಬರೆದ ಪೇಪರ್, ಬಾಯಿಲೆಕ್ಕ, ಹಾಜರಿ. ಮೂರೂ ಬೇರೆ ಬೇರೆ ಜಾತಿಯವು, ಅದೇ ಮುಖ್ಯ. ಒಂದೇ ಥರದ ಟೆಸ್ಟನ್ನು ಐದು ಸಲ ಕೊಟ್ಟರೆ ಅದೇ ವಿಷಯ ಐದು ಸಲ ಗೊತ್ತಾಗುತ್ತದೆ, ಮಗುವಿಗೆ ಸುಸ್ತು ಬೇರೆ. ನಮ್ಮ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ಎಫ್‌ಎ (ಪಾಠದ ನಡುನಡುವೆ ಮಾಡುವ ಮೌಲ್ಯಮಾಪನ), ಎರಡು ಎಸ್‌ಎ (ಅರ್ಧ ವರ್ಷದ ಕೊನೆಗೆ ಬರುವ ದೊಡ್ಡ ಪರೀಕ್ಷೆ) ಇಟ್ಟಿರುವುದೂ ಇದಕ್ಕೇ. ಎಫ್‌ಎಯಲ್ಲಿ ಚಟುವಟಿಕೆ, ಪ್ರಾಜೆಕ್ಟು, ಮೌಖಿಕ ಎಲ್ಲ ಇರಬೇಕು. ಅದೂ ಇನ್ನೊಂದು ಬರವಣಿಗೆ ಪರೀಕ್ಷೆಯೇ ಆಗಿಬಿಟ್ಟರೆ ಆ ನಾಲ್ಕರಿಂದ ಏನು ಲಾಭ?

ಹಾಗಂತ ಎಲ್ಲ ಅಂಕಗಳನ್ನೂ ಕೂಡಿ ಭಾಗಿಸಿದರೆ ನ್ಯಾಯ ಸಿಗುತ್ತದೆ ಅಂತಲೂ ಅಲ್ಲ. ನಮ್ಮ ಸಿಇಟಿಯನ್ನೇ ನೋಡಿ. ಎಂಜಿನಿಯರಿಂಗ್ ರ್‍ಯಾಂಕಿಗೆ ದ್ವಿತೀಯ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಒಂದು ದಿನ ಕೈಕೊಟ್ಟರೂ ಪಿಯು ಓದು ಹಿಡಿದುಕೊಳ್ಳುತ್ತದೆ, ಒಳ್ಳೆಯ ಯೋಚನೆಯೇ. ಆದರೆ 2021ರಲ್ಲಿ ಕೋವಿಡ್‌ನಿಂದ ದ್ವಿತೀಯ ಪಿಯು ಪರೀಕ್ಷೆ ನಡೆಯಲಿಲ್ಲ. ಎಸ್‌ಎಸ್‌ಎಲ್‌ಸಿ, ಪ್ರಥಮ ಪಿಯು ಅಂಕಗಳ ಆಧಾರದ ಮೇಲೆ ಅಂಕ ಕೊಟ್ಟು ಎಲ್ಲರನ್ನೂ ಪಾಸ್ ಮಾಡಿದರು. 2022ರಲ್ಲಿ ಆ ಮಕ್ಕಳು ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕ ಸೇರಿಸಬೇಕೋ ಬೇಡವೋ ಅಂತ ವಿಷಯ ಹೈಕೋರ್ಟಿಗೆ ಹೋಯಿತು. ಕೊನೆಗೆ ಆ ಅಂಕಗಳನ್ನು ಸ್ವಲ್ಪ ತಗ್ಗಿಸಿ ಸೇರಿಸಿಕೊಂಡರು. ಒಂದು ಅಂಕ ಎಲ್ಲಿಂದ ಬಂತು, ಯಾವುದನ್ನು ಅಳೆಯಿತು ಅಂತ ನೋಡದೆ ಇನ್ನೊಂದಕ್ಕೆ ಕೂಡಿಸಿದರೆ ಯಾರಿಗಾದರೂ ಅನ್ಯಾಯ ಆಗಿಯೇ ಆಗುತ್ತದೆ.

ಎಲ್ಲದಕ್ಕೂ ಇಷ್ಟೆಲ್ಲ ಜಾಲಾಡಬೇಕಾ ಅಂದರೆ, ಬೇಡ. ನಾಳೆ ಯಾವ ಪಾಠ ಮತ್ತೆ ಮಾಡಬೇಕು ಅನ್ನೋದಕ್ಕೆ ಒಂದು ಚಿಕ್ಕ ಟೆಸ್ಟ್ ಸಾಕು. ತಪ್ಪಿದರೆ ನಾಡಿದ್ದು ಸರಿಮಾಡಬಹುದು. ಒಂದು ವರ್ಷ ಹಿಂದೆ ಕೂರಿಸುವುದು ಹಾಗಲ್ಲ. ಜೊತೆಯವರೆಲ್ಲ ಮೇಲಿನ ಕ್ಲಾಸಿಗೆ ಹೋಗಿ ತಾನೊಬ್ಬ ಅದೇ ಬೆಂಚಿನಲ್ಲಿ ಕೂತ ಮಗುವಿನ ಮುಖ ನಾನು ನೋಡಿದ್ದೇನೆ. ಅದನ್ನು ಆಮೇಲೆ ಸರಿಮಾಡಲು ಆಗುವುದಿಲ್ಲ. ಕಾನೂನು ಕೂಡ ಅವಸರ ಬೇಡ ಅನ್ನುತ್ತದೆ. ಶಿಕ್ಷಣ ಹಕ್ಕು ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, 5 ಮತ್ತು 8ನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಫೇಲಾದ ಮಗುವಿಗೆ ಹೆಚ್ಚುವರಿ ಪಾಠ ಹೇಳಿಕೊಟ್ಟು, ಫಲಿತಾಂಶ ಬಂದ ಎರಡು ತಿಂಗಳೊಳಗೆ ಇನ್ನೊಮ್ಮೆ ಪರೀಕ್ಷೆ ಕೊಡಬೇಕು. ಅದರಲ್ಲೂ ಫೇಲಾದರೆ ಮಾತ್ರ ತಡೆಹಿಡಿಯುವ ಮಾತು, ಅದೂ ಸರ್ಕಾರ ಅದಕ್ಕೆ ಅವಕಾಶ ಕೊಟ್ಟಿದ್ದರೆ.

ಶಾಲೆಗೆ ಹೋಗಿ, ಜಗಳಕ್ಕಲ್ಲ, ಕೇಳುವುದಕ್ಕೆ. ಹಿಂದಿನ ಎಫ್‌ಎ ಅಂಕ, ನೋಟ್‌ಬುಕ್, ಹಾಜರಿ ತೋರಿಸಿ ಅನ್ನಿ. ಬೋರ್ಡಿನ ಅಕ್ಷರ ಅವನಿಗೆ ಕಾಣುತ್ತದಾ ಅಂತ ಕೇಳಿ. ಕನ್ನಡಕ ಹಾಕಿದ ಮೇಲೆ ಗಣಿತ "ಬಂದ" ಮಕ್ಕಳು ಬೇಕಾದಷ್ಟಿದ್ದಾರೆ. ವಾಕ್ಯದ ಲೆಕ್ಕಗಳು ಮಾತ್ರ ತಪ್ಪಾಗಿದ್ದರೆ ಅವನ ಕೈಲಿ ಆ ಪ್ರಶ್ನೆಗಳನ್ನು ಜೋರಾಗಿ ಓದಿಸಿ. ಅಲ್ಲಿ ತಡವರಿಸಿದರೆ ಕಷ್ಟ ಇರುವುದು ಓದಿನಲ್ಲಿ, ಗಣಿತದ ಟ್ಯೂಷನ್ ಹಾಕಿ ಉಪಯೋಗವಿಲ್ಲ. ಇದೆಲ್ಲ ನೋಡಿದ ಮೇಲೂ ಹಿಂದಿನ ಕ್ಲಾಸಿನ ಪಾಠ ನಿಜವಾಗಿಯೂ ಬಂದಿಲ್ಲ ಅನ್ನಿಸಿದರೆ, ಮುಂದಿನ ಎರಡು ತಿಂಗಳು ಯಾವ ಪಾಠ, ದಿನಾ ಎಷ್ಟು ಹೊತ್ತು, ಯಾರು ಹೇಳಿಕೊಡುತ್ತಾರೆ ಅಂತ ಟೀಚರ್ ಹತ್ತಿರ ಬರೆಸಿಕೊಂಡು ಬನ್ನಿ.

ಹೋಗುವ ಮುಂಚೆ ಅವನನ್ನೇ ಒಂದು ಮಾತು ಕೇಳಿ. ಪೇಪರ್ ಮುಂದಿಟ್ಟು, ಬೈಯದೆ, "ಇದನ್ನು ಹೇಗೆ ಮಾಡಿದೆ, ಹೇಳು ಪುಟ್ಟ" ಅನ್ನಿ. ಪೂರ್ತಿ ಹೇಳಿ ಮುಗಿಸುವವರೆಗೆ ಮಧ್ಯೆ ಮಾತಾಡಬೇಡಿ.