ಜನವರಿಯ ಬೆಚ್ಚಗಿನ ರಾತ್ರಿಯನ್ನು ನಂಬಬೇಡಿ

ಅಟ್ಲಾಂಟಾದಲ್ಲಿ ಜನವರಿಯ ಸಂಜೆ ಸ್ವೆಟರ್ ಬೇಡ ಅನ್ನಿಸುವಷ್ಟು ಬೆಚ್ಚಗಿದ್ದರೆ ನಾನು ಮೊದಲು ನೋಡುವುದು ಉಷ್ಣಾಂಶವನ್ನಲ್ಲ, ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಹೇಳುವ ಡ್ಯೂ ಪಾಯಿಂಟನ್ನು. ಅದು 60 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ದರೆ ಮೆಕ್ಸಿಕೋ ಕೊಲ್ಲಿಯ ತೇವ ನಮ್ಮ ತನಕ ಬಂದಾಗಿದೆ. ಜೊತೆಗೆ ಪಶ್ಚಿಮದಿಂದ, ಮಿಸಿಸಿಪ್ಪಿ ದಾಟಿ ಕೋಲ್ಡ್ ಫ್ರಂಟ್ (ತಣ್ಣನೆಯ ಗಾಳಿಯ ಮುಂಚೂಣಿ) ಬರುತ್ತಿದ್ದರೆ ಟಾರ್ನೇಡೊ, ಅಂದರೆ ಸುಂಟರಗಾಳಿ, ಏಳಬಹುದೆಂದು ಆ ರಾತ್ರಿ ಹವಾಮಾನ ಮುನ್ಸೂಚನೆಯ ನಮ್ಮ ಕಸುಬಿನವರಿಗೆ ನಿದ್ದೆಯಿಲ್ಲ.

ಸೆಕೆಯೇ ಇಲ್ಲದೆ ಬಿರುಗಾಳಿ ಮಳೆ ಎಲ್ಲಿಂದ ಎಂದು ಇಲ್ಲಿನ ಕನ್ನಡಿಗ ಗೆಳೆಯರು ಕೇಳುತ್ತಾರೆ. ಸಹಜವೇ, ಏಪ್ರಿಲ್‌ನಲ್ಲಿ ಮಧ್ಯಾಹ್ನವೆಲ್ಲ ಬಿಸಿಲು ಕಾದು ಸಂಜೆಗೆ ಗುಡುಗು ಮಳೆ ಹೊಡೆಯುವ ಊರುಗಳಿಂದ ಬಂದವರು ನಾವು. ಮೋಡ ಮೇಲೇಳಲು ಸಿಗುವ ಶಕ್ತಿಯನ್ನು 'ಕೇಪ್' ಎಂದು ಅಳೆಯುತ್ತೇವೆ. ಇಲ್ಲಿ ಬೇಸಿಗೆಯಲ್ಲಿ ಅದು ಕೆ.ಜಿ.ಗೆ 2000 ಜೌಲ್ ದಾಟುವುದುಂಟು, ಚಳಿಗಾಲದಲ್ಲಿ ಎಷ್ಟೋ ಸಲ 500 ಕೂಡ ಇರದು. ಆ ಕೊರತೆಯನ್ನು ಗಾಳಿ ತುಂಬುತ್ತದೆ. ನೆಲದ ಮಟ್ಟದಲ್ಲಿ ಆಗ್ನೇಯದ ಗಾಳಿ, ಒಂದೂವರೆ ಕಿ.ಮೀ. ಮೇಲೆ ದಕ್ಷಿಣದಿಂದ ಗಂಟೆಗೆ 90 ಕಿ.ಮೀ. ವೇಗದ್ದು, ಅದಕ್ಕೂ ಮೇಲೆ ನೈಋತ್ಯದ್ದು. ಹೀಗೆ ಪದರಪದರಕ್ಕೂ ದಿಕ್ಕು, ವೇಗ ಬದಲಾದರೆ ಗಿಡ್ಡ ಮೋಡಕ್ಕೂ ತಿರುಗುವ ಚಾಳಿ ಹತ್ತುತ್ತದೆ. ಮಿಂಚು, ಗುಡುಗು ನಿಮ್ಮನ್ನು ಎಬ್ಬಿಸುತ್ತವೆ ಅನ್ನುವ ಭರವಸೆಯಿಲ್ಲ.

ನಮಗೆ ತಲೆನೋವು ತರುವುದು 'ವೆಡ್ಜ್'. ಅಪಲಾಚಿಯನ್ ಬೆಟ್ಟಸಾಲಿನ ಪೂರ್ವದ ಮಗ್ಗುಲಿಗೆ ಒತ್ತಿಕೊಂಡು ಈಶಾನ್ಯದಿಂದ ಇಳಿದು ಬರುವ ತಣ್ಣನೆಯ ಗಾಳಿ ಅದು. ಅಟ್ಲಾಂಟಾದ ಮೇಲೆ ಅದು ಕೂತಿದ್ದರೆ ಅಲಬಾಮಾದಲ್ಲಿ ಆರ್ಭಟಿಸಿದ ಮಳೆಸಾಲು ಇಲ್ಲಿಗೆ ಬರುವಷ್ಟರಲ್ಲಿ ಬರೀ ಮಳೆಯಾಗುತ್ತದೆ. ವೆಡ್ಜ್ ಕರಗಿಬಿಟ್ಟರೆ ಕತೆಯೇ ಬೇರೆ. ಅದರ ಅಂಚಿನಲ್ಲಂತೂ ಸುತ್ತುವಿಕೆಗೆ ಇನ್ನಷ್ಟು ಬಲ ಸಿಗುತ್ತದೆ. ಅಂಚು ಅರ್ಧ ಜಿಲ್ಲೆಯಷ್ಟು ಸರಿದರೂ ಮುನ್ಸೂಚನೆ ತಲೆಕೆಳಗು. ಕಂಪ್ಯೂಟರ್ ಮಾದರಿಗಳು ಈ ವೆಡ್ಜನ್ನು ಬೇಗನೇ ಕರಗಿಸಿಬಿಡುತ್ತವೆ, ಹಾಗಾಗಿ ಆ ಒಂದು ವಿಷಯದಲ್ಲಿ ನಾನು ಅವನ್ನು ಪೂರ್ತಿ ನಂಬುವುದಿಲ್ಲ.

2023ರ ಜನವರಿ 12ರಂದು ಇಂಥದೇ ಫ್ರಂಟಿನ ಮುಂದೆ ಎದ್ದ ಟಾರ್ನೇಡೊ ಅಲಬಾಮಾದ ಸೆಲ್ಮಾ ಪಟ್ಟಣವನ್ನು ಸೀಳಿತು. ಅದೇ ದಿನ ಪಕ್ಕದ ಆಟಾಗಾ ಕೌಂಟಿಯಲ್ಲಿ ಇನ್ನೊಂದು ಟಾರ್ನೇಡೊಗೆ 7 ಮಂದಿ ಬಲಿಯಾದರು. ಜಾರ್ಜಿಯಾದ ಗ್ರಿಫಿನ್ ಕೂಡ ಪೆಟ್ಟು ತಿಂದಿತು. ಅದು ಹಗಲು. 2021ರ ಡಿಸೆಂಬರ್ 10ರ ರಾತ್ರಿ ಕೆಂಟಕಿಯ ಮೇಫೀಲ್ಡ್ ಮೂಲಕ ಹಾದ ಟಾರ್ನೇಡೊ ಒಂದೇ 57 ಜನರನ್ನು ಕೊಂದಿತ್ತು.

ಮುನ್ಸೂಚನೆಯಲ್ಲಿ 'ಸ್ಲೈಟ್ ರಿಸ್ಕ್' (ಅಲ್ಪ ಅಪಾಯ) ಎಂದು ಓದಿ ನಿರಾಳವಾಗಬೇಡಿ. ಐದು ಹಂತಗಳಲ್ಲಿ ಅದು ಎರಡನೆಯದು, ನಿಜ. ಆದರೆ ಟಾರ್ನೇಡೊ ಲೆಕ್ಕದಲ್ಲಿ, ನೀವಿರುವ ಜಾಗದಿಂದ ಸುಮಾರು 40 ಕಿ.ಮೀ. ದೂರದೊಳಗೆ ಒಂದು ಏಳುವ ಸಾಧ್ಯತೆ ಶೇ. 5. ಜನವರಿಯ ಮಟ್ಟಿಗೆ ಇದು ಸಣ್ಣದಲ್ಲ. ಮಳೆಸಾಲಿನೊಳಗೆ ಹುಟ್ಟುವ ಟಾರ್ನೇಡೊಗಳು ನಿಮಿಷಗಳಲ್ಲಿ ಹುಟ್ಟಿ ಸಾಯುತ್ತವೆ. ರಾಡಾರ್ ಒಂದು ಸುತ್ತು ಮುಗಿಸಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಕೆಲಸ ಮುಗಿದಿರಬಹುದು. ವಾರ್ನಿಂಗ್ ಬಂದ ಮೇಲೆ ಕಿಟಕಿಯಿಂದ ಇಣುಕಿದರೆ ಕತ್ತಲು, ಮಳೆ ಬಿಟ್ಟು ಏನೂ ಕಾಣುವುದಿಲ್ಲ.

ಮಲಗುವ ಮುನ್ನ ಫೋನಿನ ತುರ್ತು ಎಚ್ಚರಿಕೆಗಳು ಆನ್ ಇವೆಯೇ, ಸದ್ದು ಕೇಳುತ್ತದೆಯೇ ನೋಡಿಕೊಳ್ಳಿ. ಬೇಸ್‌ಮೆಂಟ್ ಇಲ್ಲದಿದ್ದರೆ ಕೆಳಮಹಡಿಯ ನಡುವಿನ, ಕಿಟಕಿಯಿಲ್ಲದ ಬಚ್ಚಲುಮನೆ ಸಾಕು. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರು ಕೆಳಗಿನ ಮನೆಯವರ ಹತ್ತಿರ ಹಗಲೇ ಮಾತಾಡಿಕೊಂಡಿರಿ. ನಡುರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಲು ಸಂಕೋಚ ಇರಬಾರದು.